ಪನಮರಂ ಕೋಟೆಯ ಬಿಲ್ಲುಗಾರರು: ಸಾಹಸ ಎಂದರೇನು?



'ಸಾಹಸ' ಎಂಬ ಪದ ಕೇಳಿದೊಡನೆ ಇಂದಿನ ಮಕ್ಕಳ ಕಣ್ಣ ಮುಂದೆ ಬರುವುದೇನು? ಒಂದೇ ಚಕ್ರದ ಮೇಲೆ ಬೈಕ್ ಓಡಿಸುವುದು, ಜಲಪಾತದ ಅಂಚಿನಲ್ಲಿ ನಿಂತು ಸೆಲ್ಫಿ ತೆಗೆಯುವುದು, ಸಿನಿಮಾ ನಾಯಕ ಒಬ್ಬನೇ ಹತ್ತು ಜನರನ್ನು ಹೊಡೆದುರುಳಿಸುವುದು! ಶಾಲೆಯಲ್ಲಿ 'ಸಾಹಸಿಗಳ ಹೆಸರು ಹೇಳಿ' ಎಂದರೆ ಮೊದಲು ಬರುವುದು ನಟರ ಹೆಸರು. ಆಮೇಲೆ ಕಿತ್ತೂರು ಚೆನ್ನಮ್ಮ, ಸಂಗೊಳ್ಳಿ ರಾಯಣ್ಣ. ಆದರೆ ನಾವು ಬದುಕುವ ಈ ನೆಲದ ಸಾಹಸಿಗಳ ಹೆಸರು ನಮ್ಮ ಮಕ್ಕಳಿಗೆ ಗೊತ್ತೇ? ಹಾಗಾಗಿ ಇಂದು ವಯನಾಡಿನ ಒಂದು ಚರಿತ್ರೆಯನ್ನು ಹೇಳಬೇಕೆನಿಸಿದೆ.

ವಯನಾಡು ನಮಗೆ ಪರನಾಡಲ್ಲ. ಪನಮರಂ ಹೊಳೆ ಮತ್ತು ಮಾನಂತವಾಡಿ ಹೊಳೆ ಕೂಡಿ ಹರಿಯುವ ನೀರೇ ಕಬಿನಿ. ಅದು ಮೈಸೂರು ಸೀಮೆಗೆ ಇಳಿದು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ಸುಲ್ತಾನ್ ಬತ್ತೇರಿಯ ಕಲ್ಲಿನ ಜೈನ ಬಸದಿಯನ್ನು ನೋಡಿದರೆ ನಮ್ಮ ಕಡೆಯ ಬಸದಿಗಳೇ ನೆನಪಾಗುತ್ತವೆ. ಇಲ್ಲಿನ ಕಾಟುನಾಯಕರಿಗೂ ಗಡಿಯಾಚೆಯ ಜೇನುಕುರುಬರಿಗೂ ನಂಟಿದೆ. ಗಡಿ ಎಂಬುದು ಭೂಪಟದ ಗೆರೆ. ಕಾಡಿಗೂ ಹೊಳೆಗೂ ಅದು ಗೊತ್ತಿಲ್ಲ.

1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಟಿಪ್ಪು ಸುಲ್ತಾನ್ ಮಡಿದ ಮೇಲೆ ವಯನಾಡು ತನ್ನದೆಂದು ಈಸ್ಟ್ ಇಂಡಿಯಾ ಕಂಪೆನಿ ಹೇಳಿತು. ಅಲ್ಲ, ಅದು ನಮ್ಮ ಮನೆತನಕ್ಕೆ ಸೇರಿದ್ದು ಎಂದರು ಕೇರಳವರ್ಮ ಪಳಶ್ಶಿ ರಾಜರು. (ಇವರು ಕೋಟ್ಟಯಂ ರಾಜಮನೆತನದವರು. ಇದು ತಲಶ್ಶೇರಿಯ ಬಳಿಯ ಕೋಟ್ಟಯಂ, ಈಗಿನ ಕೋಟ್ಟಯಂ ಜಿಲ್ಲೆಯಲ್ಲ. ಮಕ್ಕಳು ಇಲ್ಲಿ ತಪ್ಪು ಮಾಡುವುದುಂಟು!) ರಾಜರು ಕಾಡು ಸೇರಿದರು. ಅವರ ಬೆನ್ನಿಗೆ ನಿಂತವರು ಎಡಚ್ಚೇನ ಕುಂಕನ್‌ರಂಥ ನಾಯರ್ ಮುಖಂಡರು ಮತ್ತು ವಯನಾಡಿನ ಕುರಿಚ್ಯರು, ಕುರುಮರು. ಕುರಿಚ್ಯರು ಬೆಟ್ಟದ ಕೃಷಿಕರು, ಬಿಲ್ವಿದ್ಯೆಯಲ್ಲಿ ಹೆಸರಾದವರು. ಅವರ ನಾಯಕ ತಲಕ್ಕಲ್ ಚಂದು.

1802ರ ಅಕ್ಟೋಬರ್ ತಿಂಗಳು. ಕಂಪೆನಿಯ ಒಬ್ಬ ಜವಾನ ಒಂದು ಕುರಿಚ್ಯರ ಮನೆಗೆ ಬಂದು ಭತ್ತ ಕೊಡು ಎಂದು ಒತ್ತಾಯಿಸಿದ. ಆ ಹೊತ್ತಿಗೆ ಎಡಚ್ಚೇನ ಕುಂಕನ್ ಅಲ್ಲಿದ್ದರು. ಜವಾನನನ್ನು ಅವರು ಅಲ್ಲಿಯೇ ಕೊಂದರು. ಇನ್ನು ಕಂಪೆನಿ ಸುಮ್ಮನಿರುವುದಿಲ್ಲ ಎಂಬುದು ಸುತ್ತಲಿನ ಕುರಿಚ್ಯರಿಗೆ ಅರ್ಥವಾಯಿತು. ಅವರ ಮುಂದೆ ಎರಡೇ ದಾರಿಗಳಿದ್ದವು: ತಲೆತಗ್ಗಿಸಿ ಶಿಕ್ಷೆಗೆ ಕಾಯುವುದು, ಇಲ್ಲವೇ ತಲೆಯೆತ್ತಿ ನಿಲ್ಲುವುದು. ಅವರು ಎರಡನೆಯದನ್ನು ಆರಿಸಿಕೊಂಡರು.

ಐದೇ ದಿನ. ಅಕ್ಟೋಬರ್ 11ರಂದು ಸುಮಾರು 150 ಬಿಲ್ಲುಗಾರರು ಪನಮರಂ ಕೋಟೆಗೆ ನುಗ್ಗಿದರು. ಅಲ್ಲಿದ್ದದ್ದು ಕ್ಯಾಪ್ಟನ್ ಡಿಕಿನ್ಸನ್, ಲೆಫ್ಟಿನೆಂಟ್ ಮ್ಯಾಕ್ಸ್‌ವೆಲ್ ಕೈಕೆಳಗಿನ ಬೊಂಬಾಯಿ ಪದಾತಿದಳದ 70 ಮಂದಿ. ಮೊದಲು ಕಾವಲುಗಾರನ ಬಂದೂಕನ್ನು ಕಿತ್ತುಕೊಂಡು ಅವನನ್ನು ಬಾಣದಿಂದ ಕೊಂದರು. ಡಿಕಿನ್ಸನ್ ಕೊನೆಯ ತನಕ ಹೋರಾಡಿದ ಎಂದು ದಾಖಲೆಯೇ ಹೇಳುತ್ತದೆ. ಆದರೆ ಆ ದಳದಲ್ಲಿ ಯಾರೂ ಉಳಿಯಲಿಲ್ಲ. 112 ಬಂದೂಕು, 6 ಪೆಟ್ಟಿಗೆ ಮದ್ದುಗುಂಡು, 6000 ರೂಪಾಯಿ ಹೋರಾಟಗಾರರ ಕೈಸೇರಿತು.

ಇಲ್ಲಿ ಒಂದು ಸ್ವಾರಸ್ಯವಿದೆ, ಗಮನಿಸಿ. ಪನಮರಂನಿಂದ ಕೆಲವೇ ಮೈಲಿ ದೂರದ ಪುಳಿಂಜಾಲ್‌ನಲ್ಲಿ ಮೇಜರ್ ಡ್ರಮಂಡ್ ಎಂಬ ಅಧಿಕಾರಿ 360 ಸಿಪಾಯಿಗಳೊಂದಿಗೆ ಇದ್ದ. ಆತ ಹೊರಗೆ ಬರಲೇ ಇಲ್ಲ! ಮೈಸೂರು ಕಡೆಯಿಂದ ನೆರವಿನ ಪಡೆ ಬರುವ ತನಕ ಕಾದು ಕೂತ. ಕೈಯಲ್ಲಿ ಬಂದೂಕಿದ್ದವರು ಒಳಗೆ, ಬಿಲ್ಲು ಇದ್ದವರು ಹೊರಗೆ. ಸಾಹಸ ಆಯುಧದಲ್ಲಿಲ್ಲ, ಎದೆಯಲ್ಲಿದೆ ಎನ್ನುವುದಕ್ಕೆ ಇದಕ್ಕಿಂತ ನಿದರ್ಶನ ಬೇಕೆ?

ಆದರೆ ಬರೀ ಎದೆಗಾರಿಕೆ ಸಾಕಾಗಿತ್ತೇ? ಖಂಡಿತ ಇಲ್ಲ. ಕಾಡಿನ ಪ್ರತಿ ದಾರಿ, ಹೊಳೆಯ ಪ್ರತಿ ಕಡವು ಅವರಿಗೆ ಗೊತ್ತಿತ್ತು. ಚಿಕ್ಕಂದಿನಿಂದ ಅಭ್ಯಾಸ ಮಾಡಿದ ಬಿಲ್ಲು ಕೈಯಲ್ಲಿತ್ತು. ಎಲ್ಲಿ ಹೊಡೆಯಬೇಕು, ಯಾವಾಗ ಹಿಂದೆ ಸರಿಯಬೇಕು ಎಂಬ ಲೆಕ್ಕವಿತ್ತು. ನಾಯರ್ ಮುಖಂಡನೂ ಗುಡ್ಡದ ಬಿಲ್ಲುಗಾರನೂ ಜೊತೆಯಾಗಿ ನಿಂತ ಒಗ್ಗಟ್ಟಿತ್ತು. ಸಿದ್ಧತೆ ಇಲ್ಲದ ಸಾಹಸಕ್ಕೆ ನಮ್ಮ ಹಿರಿಯರು ಇಟ್ಟ ಹೆಸರು ಬೇರೆ: ದುಸ್ಸಾಹಸ.

ಇನ್ನು ಬೆಲೆಯ ಮಾತು. ಈ ಗೆಲುವು ಬಹುಕಾಲ ಉಳಿಯಲಿಲ್ಲ. 1804ರಲ್ಲಿ ಕಂಪೆನಿ ರಾಜರ ಮತ್ತು ಅವರ ಸಂಗಡಿಗರ ತಲೆಗೆ ಬಹುಮಾನ ಸಾರಿತು. 1805ರ ನವೆಂಬರಿನಲ್ಲಿ ಚಂದು ಸೆರೆಸಿಕ್ಕಿ ಕೊಲ್ಲಲ್ಪಟ್ಟರು. ಅದೇ ನವೆಂಬರ್ 30ರಂದು ಪುಲ್ಪಳ್ಳಿಯ ಬಳಿ, ಮೈಸೂರು ಗಡಿಗೆ ಹತ್ತಿರದ ಹಳ್ಳದ ದಡದಲ್ಲಿ ಪಳಶ್ಶಿ ರಾಜರು ಮಡಿದರು. ಅವರನ್ನು ಬೆನ್ನಟ್ಟಿದ್ದ ಸಬ್ ಕಲೆಕ್ಟರ್ ಟಿ. ಎಚ್. ಬೇಬರ್ ಅವರ ದೇಹವನ್ನು ತನ್ನದೇ ಪಲ್ಲಕ್ಕಿಯಲ್ಲಿ ಹೊರಿಸಿದ. ಮಾನಂತವಾಡಿಯಲ್ಲಿ ಗೌರವದಿಂದ ಅಂತ್ಯಕ್ರಿಯೆ ನಡೆಯಿತು. ನಿಜವಾದ ಧೈರ್ಯಕ್ಕೆ ವೈರಿಯೂ ತಲೆಬಾಗುತ್ತಾನೆ.

ರಾಜರು ಹೋದ ಮೇಲೂ ಕುರಿಚ್ಯರು ಸುಮ್ಮನಾಗಲಿಲ್ಲ. ಕಂದಾಯವನ್ನು ಧಾನ್ಯದ ಬದಲು ಹಣದಲ್ಲೇ ಕೊಡಬೇಕೆಂದು ಕಂಪೆನಿ ಹಟ ಹಿಡಿದಾಗ 1812ರಲ್ಲಿ ಕುರಿಚ್ಯರು, ಕುರುಮರು ಮತ್ತೆ ಎದ್ದರು. ಈ ಬಾರಿ ರಾಜನಿರಲಿಲ್ಲ. ಅದು ಅವರದೇ ಹೋರಾಟವಾಗಿತ್ತು. ಅದನ್ನೂ ಸೈನ್ಯ ಅಡಗಿಸಿತು. 1857ರಲ್ಲಿ ಆಯುಧ ಒಪ್ಪಿಸಲು ಒಲ್ಲೆವೆಂದ ಹಲಗಲಿಯ ಬೇಡರ ಕಥೆಯೂ ಇಂಥದೇ ಅಲ್ಲವೇ? ಪನಮರಂ ಕೋಟೆಯ ಜಾಗದಲ್ಲಿ ಒಂದು ಕೋಳಿ ಮರವಿದೆ (ಕರಾವಳಿಯವರಿಗೆ ಗೋಳಿ ಮರದ ನೆನಪಾದೀತು). ಚಂದುವನ್ನು ಕೊಂದದ್ದು ಅದರ ಬುಡದಲ್ಲಿ ಎಂದು ಊರವರು ಹೇಳುತ್ತಾರೆ. 1831ರಲ್ಲಿ ರಾಯಣ್ಣನನ್ನು ಗಲ್ಲಿಗೇರಿಸಿದ ನಂದಗಡದಲ್ಲೂ ಒಂದು ಆಲದ ಮರವನ್ನು ಜನ ಪೂಜಿಸುತ್ತಾರೆ. ಎರಡು ನಾಡು, ಎರಡು ಭಾಷೆ, ನೆನಪಿನ ರೀತಿ ಮಾತ್ರ ಒಂದೇ.

ಆದರೂ ಒಂದು ಪ್ರಶ್ನೆ ಮಕ್ಕಳಿಂದ ಬಂದೇ ಬರುತ್ತದೆ: 'ಸರ್, ಕೊಲ್ಲುವುದು ಸಾಹಸವೇ?' ಒಳ್ಳೆಯ ಪ್ರಶ್ನೆ. ಪನಮರಂನಲ್ಲಿ ಸತ್ತ ಸಿಪಾಯಿಗಳಲ್ಲಿ ಹೆಚ್ಚಿನವರು ಸಂಬಳಕ್ಕಾಗಿ ದೂರದಿಂದ ಬಂದ ಬಡವರ ಮಕ್ಕಳೇ. ಅವರಿಗೂ ಮನೆಯಿತ್ತು. ಆದ್ದರಿಂದ ಕೊಂದದ್ದಕ್ಕಾಗಿ ಚಂದು ದೊಡ್ಡವರಲ್ಲ. ತನ್ನವರ ಅನ್ನ ಮತ್ತು ಮಾನಕ್ಕಾಗಿ ಪ್ರಾಣವನ್ನೇ ಪಣಕ್ಕಿಟ್ಟದ್ದಕ್ಕಾಗಿ ದೊಡ್ಡವರು. ಸಾಹಸವನ್ನು ಅಳೆಯಬೇಕಾದದ್ದು ಎಷ್ಟು ಜನರನ್ನು ಉರುಳಿಸಿದ ಎಂಬುದರಿಂದಲ್ಲ, ಯಾರಿಗಾಗಿ ನಿಂತ ಎಂಬುದರಿಂದ.

ಅದೇ ವಯನಾಡಿನಲ್ಲಿ 2024ರ ಜುಲೈ 30ರ ನಸುಕಿನಲ್ಲಿ ಗುಡ್ಡ ಕುಸಿಯಿತು. ಮುಂಡಕ್ಕೈ, ಚೂರಲ್‌ಮಲ ಊರುಗಳಲ್ಲಿ 250ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಸೇತುವೆ ಕೊಚ್ಚಿಹೋಗಿತ್ತು. ಆಗ ಗೂಡಲೂರಿನ ಒಬ್ಬ ನರ್ಸ್ ಔಷಧಿ ಚೀಲ ಹಿಡಿದು, ಉಕ್ಕುವ ಹೊಳೆಯ ಮೇಲೆ ಹಗ್ಗಕ್ಕೆ ಜೋತು ಆಚೆ ದಡ ಸೇರಿದರು. ಗಾಯಾಳುಗಳಿಗೆ ಚಿಕಿತ್ಸೆ ಕೊಟ್ಟರು. ತಮಿಳುನಾಡು ಸರ್ಕಾರ ಆ ವರ್ಷ ಅವರಿಗೆ ಕಲ್ಪನಾ ಚಾವ್ಲಾ ಪ್ರಶಸ್ತಿ ನೀಡಿತು. ನಮ್ಮ ಬೆಂಗಳೂರಿನಲ್ಲಿ ಕೇಂದ್ರವಿರುವ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ಸೈನಿಕರು, ಮೇಜರ್ ಸೀತಾ ಶೇಳ್ಕೆ ಮುಂತಾದ ಅಧಿಕಾರಿಗಳೊಂದಿಗೆ, ಮಳೆಯಲ್ಲೇ ಹಗಲಿರುಳು ದುಡಿದು 190 ಅಡಿ ಉದ್ದದ ಬೈಲಿ ಸೇತುವೆಯನ್ನು ಆಗಸ್ಟ್ 1ರ ಸಂಜೆಯೊಳಗೆ ನಿಲ್ಲಿಸಿದರು. ಇಲ್ಲಿ ಬಿಲ್ಲಿಲ್ಲ, ಬಂದೂಕಿಲ್ಲ. ಆದರೆ 1802ರ ಆ ಮೂರು ಗುಣಗಳೂ ಇವೆ: ಕಲಿತ ವಿದ್ಯೆ, ಒಗ್ಗಟ್ಟು, ಪರರಿಗಾಗಿ ಮಿಡಿಯುವ ಮನಸ್ಸು.

ಶಿಕ್ಷಕ ಬಂಧುಗಳಲ್ಲಿ ಒಂದು ವಿನಂತಿ. ತರಗತಿಯಲ್ಲಿ ರಾಯಣ್ಣನ ಪಾಠ ಮಾಡುವಾಗ ತಲಕ್ಕಲ್ ಚಂದುವಿನ ಹೆಸರನ್ನೂ ಹೇಳಿ. ಹಿಂದಿನ ಬೆಂಚಿನಲ್ಲಿ ಮಾತಾಡದೆ ಕೂತಿರುವ ಕಾಡಂಚಿನ ಹುಡುಗನಿಗೆ, ತನ್ನವರೂ ಚರಿತ್ರೆಯಲ್ಲಿದ್ದಾರೆ ಎಂದು ತಿಳಿಯಲಿ. ಆತ ಎದ್ದು ನಿಂತು ಒಂದು ಪ್ರಶ್ನೆ ಕೇಳಿದರೆ ಅದೂ ಸಾಹಸವೇ.

ಮಕ್ಕಳೇ, ಬೈಕಿನ ಮುಂದಿನ ಚಕ್ರ ಎತ್ತುವುದು ಸುಲಭ. ತಪ್ಪನ್ನು ತಪ್ಪು ಎನ್ನುವುದು, ಬಿದ್ದವರನ್ನು ಎತ್ತುವುದು, ಸೋಲು ಕಂಡರೂ ಕೈಬಿಡದಿರುವುದು ಕಷ್ಟ. ಧೈರ್ಯಂ ಸರ್ವತ್ರ ಸಾಧನಂ ಎನ್ನುತ್ತಾರೆ ಹಿರಿಯರು. ಆ ಧೈರ್ಯ ಯಾರಿಗಾಗಿ ಎಂಬುದನ್ನು ಮಾತ್ರ ನಾವೇ ನಿರ್ಧರಿಸಬೇಕು.