ದೇಹದ ಒಳಸಮತೆ: ಒಂದು ವಿಚಾರದ ಚರಿತ್ರೆ

೧

ಜೀವಿಯು ಹೊರಗಿನಿಂದ ಅನ್ನ, ನೀರು, ಗಾಳಿಗಳನ್ನು ತೆಗೆದುಕೊಳ್ಳುತ್ತದೆ. ಮಲ, ಮೂತ್ರ, ಬೆವರು, ಉಸಿರುಗಳ ರೂಪದಲ್ಲಿ ಅವನ್ನು ಹೊರಕ್ಕೆ ಬಿಡುತ್ತದೆ. ಹುಟ್ಟಿನಿಂದ ಸಾವಿನವರೆಗೆ ಈ ಆಯವ್ಯಯವು ಒಂದು ಗಳಿಗೆಯೂ ನಿಲ್ಲುವುದಿಲ್ಲ. ಹೀಗಿದ್ದರೂ ಆರೋಗ್ಯವಂತನಾದ ಮನುಷ್ಯನ ಮೈಬಿಸಿಯು ಬೇಸಗೆಯಲ್ಲಿಯೂ ಚಳಿಗಾಲದಲ್ಲಿಯೂ ಹೆಚ್ಚುಕಡಮೆ ಒಂದೇ ಮಟ್ಟದಲ್ಲಿರುತ್ತದೆ; ರಕ್ತದಲ್ಲಿರುವ ಉಪ್ಪು, ಸಕ್ಕರೆ, ಕ್ಷಾರಗಳ ಪ್ರಮಾಣವು ಒಂದು ಕಿರಿಯ ಎಲ್ಲೆಯೊಳಗೇ ಏರಿಳಿಯುತ್ತದೆ. ದ್ರವ್ಯವು ಎಡೆಬಿಡದೆ ಬದಲಾಗುತ್ತಿರುವಾಗ ಸ್ಥಿತಿಯು ಬದಲಾಗದೆ ನಿಲ್ಲುವುದು ಹೇಗೆ? ಈ ಪ್ರಶ್ನೆಗೆ ಉತ್ತರವನ್ನು ಹುಡುಕುವುದರಲ್ಲಿ ಶರೀರಶಾಸ್ತ್ರವು ಮೂರು ಶತಮಾನಗಳಿಗೂ ಮಿಕ್ಕ ಕಾಲವನ್ನು ಕಳೆಯಿತು. ದ್ರವ್ಯದ ಲೆಕ್ಕವೂ ಸ್ಥಿತಿಯ ವಿಚಾರವೂ ಬೇರೆ ಬೇರೆ ದಾರಿಗಳಲ್ಲಿ ನಡೆದಷ್ಟು ಕಾಲ ಅವುಗಳಿಂದ ರೋಗಿಗೆ ದೊರೆತ ಪ್ರಯೋಜನವು ಅಲ್ಪವಾಗಿತ್ತು. ಅವೆರಡೂ ಕೂಡಿದ ಮೇಲೆ ಒಂದು ಮಹಾಮಾರಿಯ ಹಲ್ಲು ಮುರಿಯಿತು. ಈ ಚರಿತ್ರೆಯಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿಯು ಇದೇ.

ಆರೋಗ್ಯವೆಂದರೆ ಸಮತ್ವವೆಂಬ ಮಾತು ಹೊಸದಲ್ಲ. ಚರಕಸಂಹಿತೆಯು ಧಾತುಸಾಮ್ಯವನ್ನು ಉಂಟುಮಾಡುವುದೇ ವೈದ್ಯಶಾಸ್ತ್ರದ ಪ್ರಯೋಜನವೆಂದು ಎಣಿಸುತ್ತದೆ. ಗ್ರೀಕರ ವೈದ್ಯದಲ್ಲಿಯೂ ನಾಲ್ಕು ರಸಗಳ ಹೊಂದಿಕೆಯೇ ಆರೋಗ್ಯ. ಆದರೆ ಮಾತು ಒಂದೇ ತೆರನಾಗಿರುವ ಮಾತ್ರಕ್ಕೆ ಅರ್ಥವೂ ಒಂದೇ ಎಂದು ಭಾವಿಸಲಾಗದು. ಪ್ರಾಚೀನರ ಸಮತ್ವವು ರೋಗಿಯ ಲಕ್ಷಣಗಳನ್ನು ಕಂಡು ಊಹಿಸಿದುದು. ಇಲ್ಲಿ ವಿವರಿಸಲಿರುವ ಸಮತ್ವವು ತೂಕಮಾಡಿ, ಕಾವನ್ನು ಅಳೆದು, ರಕ್ತವನ್ನು ವಿಭಜಿಸಿ ಕಂಡುಕೊಂಡುದು. ಎರಡನ್ನೂ ಒಂದೆಂದು ಸಾಧಿಸಹೊರಟರೆ ಎರಡಕ್ಕೂ ಅನ್ಯಾಯವಾಗುತ್ತದೆ.

೨

ಅಳತೆಯ ಹಾದಿಯನ್ನು ತೆರೆದವರಲ್ಲಿ ಸ್ಯಾಂಟೋರಿಯೊ ಎಂಬ ವೈದ್ಯನು ಅಗ್ರಗಣ್ಯನು. ಇವನು ೧೫೬೧ರಲ್ಲಿ, ಇಂದು ಸ್ಲೊವೇನಿಯಾ ದೇಶಕ್ಕೆ ಸೇರಿರುವ ಕೋಪರ್ ಪಟ್ಟಣದಲ್ಲಿ ಹುಟ್ಟಿದನು. ೧೬೧೧ರಿಂದ ೧೬೨೪ರವರೆಗೆ ಪಾಡುವದ ವಿದ್ಯಾಪೀಠದಲ್ಲಿ ಪ್ರಾಧ್ಯಾಪಕನಾಗಿದ್ದನು. ದೊಡ್ಡದೊಂದು ತಕ್ಕಡಿಯ ತೋಳಿಗೆ ಕುರ್ಚಿಯನ್ನು ತೂಗುಹಾಕಿ, ಅದರಲ್ಲಿ ತಾನೇ ಕುಳಿತು, ತಿಂದುದನ್ನೂ ಕುಡಿದುದನ್ನೂ ವಿಸರ್ಜಿಸಿದುದನ್ನೂ ಬಹುವರ್ಷಗಳ ಕಾಲ ತೂಗಿ ನೋಡಿದನು. ೧೬೧೪ರಲ್ಲಿ ಪ್ರಕಟವಾದ ಅವನ ಲ್ಯಾಟಿನ್ ಗ್ರಂಥದಲ್ಲಿ ಕಂಡುಬರುವ ಲೆಕ್ಕವು ಹೀಗಿದೆ: ಒಂದು ದಿನದಲ್ಲಿ ಎಂಟು ಪೌಂಡು ಅನ್ನಪಾನಗಳನ್ನು ತೆಗೆದುಕೊಂಡರೆ ಸುಮಾರು ಐದು ಪೌಂಡು ಕಣ್ಣಿಗೆ ಕಾಣದ ಬೆವರಾಗಿ ಹೊರಟುಹೋಗುತ್ತದೆ.

ಚರ್ಮದಿಂದಲೂ ಉಸಿರಿನಿಂದಲೂ ಅಗೋಚರವಾಗಿ ನಡೆಯುವ ಈ ವ್ಯಯವನ್ನು ಸಂಖ್ಯೆಯಲ್ಲಿ ಹೇಳಿದುದು ಸ್ಯಾಂಟೋರಿಯೊವಿನ ಹಿರಿಮೆ. ಆದರೆ ತಕ್ಕಡಿಯು ಹೇಳಬಲ್ಲುದು ಮೊತ್ತವನ್ನು ಮಾತ್ರ. ಹೊರಟುಹೋದುದು ಯಾವ ಪದಾರ್ಥ, ಅದು ಏಕೆ ಹೊರಟಿತು, ಹೊರಡದಿದ್ದರೆ ಏನಾಗುತ್ತಿತ್ತು ಎಂಬುದು ತಕ್ಕಡಿಗೆ ತಿಳಿಯದು. ವರ್ತಕನ ಲೆಕ್ಕದಲ್ಲಿ ಜಮೆಯೂ ಖರ್ಚೂ ಸರಿಹೋದರೆ ಸಾಕು. ದೇಹದ ಲೆಕ್ಕದಲ್ಲಿ ಅಷ್ಟು ಸಾಲದು.

೩

ಹೊರಟುಹೋಗುವ ಪದಾರ್ಥವು ಯಾವುದೆಂಬುದನ್ನು ತಿಳಿಸಲು ರಸಾಯನಶಾಸ್ತ್ರವು ಹುಟ್ಟಬೇಕಾಯಿತು. ಫ್ರಾನ್ಸಿನ ಲಾವೋಸಿಯೇ ಎಂಬ ಪಂಡಿತನು ಗಣಿತಜ್ಞನಾದ ಲಾಪ್ಲಾಸನೊಡನೆ ಕೂಡಿ, ಒಂದು ಗಿನಿಹಂದಿಯನ್ನು ಮಂಜುಗಡ್ಡೆಯಿಂದ ಸುತ್ತುವರಿದ ಪಾತ್ರೆಯಲ್ಲಿ ಇರಿಸಿ, ಅದರ ಮೈಕಾವಿನಿಂದ ಕರಗಿದ ಮಂಜಿನ ತೂಕವನ್ನೂ ಅದು ಉಸಿರಿನಲ್ಲಿ ಬಿಟ್ಟ ಇಂಗಾಲಾಮ್ಲವಾಯುವಿನ ಪ್ರಮಾಣವನ್ನೂ ಹೋಲಿಸಿದನು. ೧೭೮೩ರಲ್ಲಿ ಅವರು ಮುಟ್ಟಿದ ನಿರ್ಣಯವೇನೆಂದರೆ, ಉಸಿರಾಟವು ಒಂದು ಬಗೆಯ ನಿಧಾನವಾದ ದಹನ; ದೀಪವು ಉರಿಯುವುದಕ್ಕೂ ಪ್ರಾಣಿಯು ಉಸಿರಾಡುವುದಕ್ಕೂ ತತ್ತ್ವವು ಒಂದೇ.

ಅದೇ ಕಾಲದಲ್ಲಿ ಇಂಗ್ಲೆಂಡಿನ ಬ್ಲ್ಯಾಗ್ಡನ್ ಎಂಬ ವೈದ್ಯನು ೧೭೭೫ರಲ್ಲಿ ಪ್ರಕಟಿಸಿದ ಪ್ರಯೋಗಗಳೂ ಸ್ಮರಣೀಯವಾದುವು. ಅವನೂ ಅವನ ಸಂಗಡಿಗರೂ ಫ್ಯಾರನ್‌ಹೈಟ್ ಮಾನದಲ್ಲಿ ೨೬೦ ಅಂಶದವರೆಗೆ ಕಾಯಿಸಿದ ಕೋಣೆಯನ್ನು ಹೊಕ್ಕು ನಿಂತರು. ಅಲ್ಲಿಟ್ಟಿದ್ದ ಮಾಂಸದ ತುಂಡು ಬೆಂದುಹೋಯಿತು. ಒಳಗೆ ನಿಂತ ಮನುಷ್ಯರ ಮೈಬಿಸಿಯು ಮಾತ್ರ ಹೆಚ್ಚಾಗಿ ಏರಲಿಲ್ಲ. ಮೃತಮಾಂಸಕ್ಕೂ ಜೀವಂತದೇಹಕ್ಕೂ ಇರುವ ಭೇದವು ಇದಕ್ಕಿಂತ ಸ್ಪಷ್ಟವಾಗಿ ಕಾಣುವುದು ದುರ್ಲಭ.

ಲಾವೋಸಿಯೇಯು ೧೭೮೯ರಲ್ಲಿ ಸೆಗ್ಯಾಂ ಎಂಬ ಸಹೋದ್ಯೋಗಿಯೊಡನೆ ಮನುಷ್ಯನ ಉಸಿರಾಟವನ್ನೇ ಅಳೆಯತೊಡಗಿದನು. ಕೆಲಸ ಮಾಡುವಾಗಲೂ, ಚಳಿಯಲ್ಲಿಯೂ, ಊಟವಾದ ಮೇಲೂ ಆಮ್ಲಜನಕದ ವೆಚ್ಚವು ಹೆಚ್ಚುವುದೆಂದು ಕಂಡನು. ಉಸಿರಾಟ, ಬೆವರು, ಜೀರ್ಣಕ್ರಿಯೆ ಎಂಬ ಮೂರು ನಿಯಾಮಕಗಳು ದೇಹಯಂತ್ರವನ್ನು ಆಳುತ್ತವೆಂದು ಬರೆದನು. ದೇಹವನ್ನು ದಣಿಸಿ ದುಡಿಯುವ ಬಡವನಿಗೆ ಅಧಿಕವಾದ ಆಹಾರವು ಬೇಕಾಗಿರುವಾಗ ಅವನಿಗೇ ಅದು ಕಡಮೆಯಾಗಿ ದೊರೆಯುವುದೇಕೆಂಬ ಪ್ರಶ್ನೆಯನ್ನೂ ಆ ಲೇಖನದಲ್ಲಿಯೇ ಎತ್ತಿದನು. ೧೭೯೪ನೆಯ ಮೇ ೮ರಂದು ಕ್ರಾಂತಿಯ ನ್ಯಾಯಸ್ಥಾನದ ತೀರ್ಪಿನಂತೆ ಅವನ ಶಿರಚ್ಛೇದವಾಯಿತು. ನಿಯಾಮಕವೆಂಬ ಶಬ್ದವು ಉಳಿಯಿತು. ಅವು ಯಾವುದನ್ನು ಕಾಯುವುದಕ್ಕಾಗಿ ನಿಯಮಿಸುತ್ತವೆ ಎಂಬುದು ತಿಳಿಯದೆ ಉಳಿಯಿತು.

೪

ಈ ಅರಿವಿನ ಕೊರತೆಯಿಂದ ಎಂಥ ನಷ್ಟವು ಸಂಭವಿಸಬಹುದೆಂಬುದಕ್ಕೆ ಕಾಲರಾ ರೋಗದ ಚರಿತ್ರೆಯೇ ಸಾಕ್ಷಿ. ೧೮೧೭ರಲ್ಲಿ ಬಂಗಾಳದಿಂದ ಹೊರಟ ಈ ಮಾರಿಯು ದೇಶದೇಶಗಳನ್ನು ದಾಟಿ ೧೮೩೧ರಲ್ಲಿ ಇಂಗ್ಲೆಂಡನ್ನು ಮುಟ್ಟಿತು. ಆಗ ಓಷಾನೆಸಿ ಎಂಬ ತರುಣ ವೈದ್ಯನು ರೋಗಿಗಳ ರಕ್ತವನ್ನು ಪರೀಕ್ಷಿಸಿ, ಅದರಲ್ಲಿ ನೀರೂ ಲವಣಗಳೂ ಕ್ಷಾರವೂ ಬಹಳವಾಗಿ ಕುಗ್ಗಿರುವುದನ್ನೂ, ಹೀಗೆ ಕಳೆದುಹೋದುವು ಭೇದಿಯಲ್ಲಿ ದೊರೆಯುವುದನ್ನೂ ತೋರಿಸಿದನು. ಕಳೆದುದನ್ನು ಮರಳಿ ತುಂಬಬೇಕೆಂದೂ ಸೂಚಿಸಿದನು. ಆ ಕಾಲದ ಬಹುಮಂದಿ ವೈದ್ಯರು ಇದೇ ರೋಗಿಗಳಿಂದ ಇನ್ನಷ್ಟು ರಕ್ತವನ್ನು ತೆಗೆಯುತ್ತಿದ್ದರೆಂಬುದನ್ನು ನೆನೆದರೆ ಈ ಸೂಚನೆಯ ಬೆಲೆಯು ತಿಳಿಯುತ್ತದೆ.

೧೮೩೨ರಲ್ಲಿ ಸ್ಕಾಟ್ಲೆಂಡಿನ ಲೀತ್ ಬಂದರಿನ ಥಾಮಸ್ ಲಾಟಾ ಎಂಬ ವೈದ್ಯನು ಈ ಸೂಚನೆಯನ್ನು ಕಾರ್ಯಕ್ಕೆ ತಂದನು. ನಾಡಿ ಅಡಗಿ ಸಾವಿನ ಬಾಗಿಲಲ್ಲಿದ್ದ ಮುದುಕಿಯೊಬ್ಬಳ ರಕ್ತನಾಳಕ್ಕೆ ಉಪ್ಪು ಮತ್ತು ಸೋಡ ಬೆರೆಸಿದ ನೀರನ್ನು ಹರಿಸಿದನು. ಸುಮಾರು ಅರ್ಧ ಗಂಟೆಯಲ್ಲಿ ಆರು ಪಿಂಟು ನೀರು ಒಳಸೇರಿತು. ಗುಳಿಬಿದ್ದ ಕಣ್ಣುಗಳು ತುಂಬಿಕೊಂಡುವು, ತಣ್ಣಗಾಗಿದ್ದ ಕೈಕಾಲುಗಳಿಗೆ ಬಿಸಿ ಬಂದಿತು, ಅವಳು ಮಾತನಾಡಿದಳು. ಅವಳು ಗೆದ್ದಳೆಂದು ನಂಬಿ ಲಾಟಾ ಅವಳನ್ನು ಆಸ್ಪತ್ರೆಯ ವೈದ್ಯನಿಗೆ ಒಪ್ಪಿಸಿ ಹೊರಟನು. ವಾಂತಿಭೇದಿಗಳು ಮರುಕಳಿಸಿದುವು, ಮತ್ತೆ ನೀರನ್ನು ತುಂಬುವವರಿಲ್ಲದೆ ಐದಾರು ಗಂಟೆಗಳೊಳಗೆ ಅವಳು ಮಡಿದಳು.

ಮಾಡಿದ ಚಿಕಿತ್ಸೆಯು ತಪ್ಪಾಗಿರಲಿಲ್ಲ, ನಡುವೆಯೇ ನಿಂತಿತು. ಬರಿದಾದ ಕೊಡವನ್ನು ಒಮ್ಮೆ ತುಂಬಿದರೆ ಸಾಕು. ಸೋರುತ್ತಿರುವ ಕೊಡವನ್ನು ಸೋರುವಷ್ಟು ಕಾಲವೂ ತುಂಬುತ್ತಿರಬೇಕು. ಲಾಟಾ ಇದನ್ನು ಅರಿತು ಮುಂದಿನ ರೋಗಿಗಳಿಗೆ ಮತ್ತೆ ಮತ್ತೆ ನೀರನ್ನು ಕೊಟ್ಟನು, ಕೆಲವರು ಉಳಿದರು. ಆದರೆ ಅವನು ೧೮೩೩ರಲ್ಲಿ ತೀರಿಕೊಂಡನು. ಇತರರು ಈ ಕ್ರಮವನ್ನು ಕೊನೆಯುಸಿರಿನ ರೋಗಿಗಳ ಮೇಲೆ, ಶುದ್ಧಿಯಿಲ್ಲದ ನೀರಿನಿಂದ, ಒಮ್ಮೆ ಮಾತ್ರ ಪ್ರಯೋಗಿಸಿ, ಫಲವಿಲ್ಲವೆಂದು ಕೈಬಿಟ್ಟರು. ಓಷಾನೆಸಿಯು ೧೮೩೩ರಲ್ಲಿ ಕಲ್ಕತ್ತೆಗೆ ಬಂದು ಅಲ್ಲಿಯ ವೈದ್ಯ ಕಾಲೇಜಿನಲ್ಲಿ ರಸಾಯನಶಾಸ್ತ್ರವನ್ನು ಬೋಧಿಸಿದನು. ಮುಂದೆ ಭಾರತದಲ್ಲಿ ತಂತಿಯ ಮಾರ್ಗಗಳನ್ನು ಹಾಕಿಸಿ ಹೆಸರಾದನು. ಕಾಲರಾಕ್ಕೆ ಮದ್ದನ್ನು ಸೂಚಿಸಿದವನು ಕಾಲರಾದ ತವರಿನಲ್ಲಿಯೇ ಇದ್ದರೂ ಆ ಮದ್ದು ಬಳಕೆಗೆ ಬರಲಿಲ್ಲ. ರಕ್ತದ ನೀರೂ ಉಪ್ಪೂ ಏಕೆ ಅಷ್ಟು ನಿಯತವಾಗಿರಬೇಕು ಎಂಬುದನ್ನು ತಿಳಿಸುವ ಸಿದ್ಧಾಂತವು ಆಗ ಯಾರ ಬಳಿಯಲ್ಲಿಯೂ ಇರಲಿಲ್ಲ. ಸಿದ್ಧಾಂತದ ಆಸರೆಯಿಲ್ಲದ ಪ್ರಯೋಗವು ಮೊದಲ ಸೋಲಿಗೇ ಕುಸಿಯಿತು.

೫

ಆ ಸಿದ್ಧಾಂತವನ್ನು ಕೊಟ್ಟವನು ಕ್ಲಾಡ್ ಬರ್ನಾರ್. ಇವನು ೧೮೧೩ರಲ್ಲಿ ಫ್ರಾನ್ಸಿನ ದ್ರಾಕ್ಷಿಯ ಸೀಮೆಯೊಂದರ ಒಕ್ಕಲುಮನೆಯಲ್ಲಿ ಹುಟ್ಟಿದನು. ತಾರುಣ್ಯದಲ್ಲಿ ನಾಟಕಕಾರನಾಗಬೇಕೆಂಬ ಹಂಬಲದಿಂದ ತಾನು ಬರೆದ ದುಃಖಾಂತ ನಾಟಕವೊಂದನ್ನು ಹೊತ್ತು ಪ್ಯಾರಿಸ್ಸಿಗೆ ಹೋದನು; ಅಲ್ಲಿಯ ವಿಮರ್ಶಕನೊಬ್ಬನು ವೈದ್ಯವನ್ನು ಕಲಿಯೆಂದು ಬುದ್ಧಿಹೇಳಿದನು. ನಾಟಕಕ್ಕೆ ಒದಗಿದ ಆ ನಿರಾಶೆಯು ಶರೀರಶಾಸ್ತ್ರಕ್ಕೆ ಲಾಭವಾಯಿತು.

ರಕ್ತದಲ್ಲಿರುವ ಸಕ್ಕರೆಯು ಊಟದಿಂದಲೇ ಬರುವುದೆಂದು ಅಂದಿನವರು ತಿಳಿದಿದ್ದರು. ಬರ್ನಾರನು ಬರಿಯ ಮಾಂಸವನ್ನು ತಿಂದ ನಾಯಿಯ ಯಕೃತ್ತಿನಿಂದ ಹೊರಡುವ ರಕ್ತದಲ್ಲಿಯೂ ಸಕ್ಕರೆಯನ್ನು ಕಂಡನು. ಹೊರತೆಗೆದ ಯಕೃತ್ತನ್ನು ಸಕ್ಕರೆಯ ಸುಳಿವೂ ಉಳಿಯದಂತೆ ನೀರಿನಿಂದ ತೊಳೆದು ಇಟ್ಟರೆ, ಮರುದಿನ ಅದರಲ್ಲಿ ಮತ್ತೆ ಸಕ್ಕರೆ ಹುಟ್ಟಿರುತ್ತಿತ್ತು. ೧೮೫೭ರಲ್ಲಿ ಅದಕ್ಕೆ ಮೂಲವಾದ ಗ್ಲೈಕೋಜನ್ ಎಂಬ ಪದಾರ್ಥವನ್ನು ಬೇರ್ಪಡಿಸಿದನು. ಯಕೃತ್ತು ಸುಗ್ಗಿಯಲ್ಲಿ ತುಂಬಿ ಬರದಲ್ಲಿ ತೆಗೆಯುವ ಕಣಜವೆಂಬುದು ಹೀಗೆ ಸಿದ್ಧವಾಯಿತು.

ಈ ಒಂದು ಸಂಗತಿಯಿಂದ ಬರ್ನಾರನು ವ್ಯಾಪಕವಾದ ತತ್ತ್ವಕ್ಕೆ ಏರಿದನು. ದೇಹದ ಜೀವಕೋಶಗಳು ಹೊರಗಿನ ಗಾಳಿಯಲ್ಲಿಯಾಗಲಿ ನೀರಿನಲ್ಲಿಯಾಗಲಿ ಬದುಕುತ್ತಿಲ್ಲ; ರಕ್ತವೂ ರಸವೂ ಕೂಡಿದ ಒಳಗಿನ ದ್ರವದಲ್ಲಿ ಬದುಕುತ್ತವೆ. ಪ್ರಾಣಿಗೆ ಎರಡು ಪರಿಸರಗಳುಂಟು: ಹೊರಗಿನದು ಒಂದು, ಒಳಗಿನದು ಇನ್ನೊಂದು. ಅವನ ಮರಣದ ವರ್ಷವಾದ ೧೮೭೮ರಲ್ಲಿ ಪ್ರಕಟವಾದ ಉಪನ್ಯಾಸಗಳಲ್ಲಿ ಅವನು ಜೀವನವನ್ನು ಮೂರು ಬಗೆಯಾಗಿ ವಿಂಗಡಿಸಿದನು. ಒಣಗಿದ ಬೀಜದಂತೆ ಅಡಗಿರುವುದು ಒಂದು. ಹೊರಗಿನ ಶೀತೋಷ್ಣಗಳೊಡನೆ ಏರಿಳಿಯುವುದು ಎರಡನೆಯದು. ಒಳಗಿನ ಪರಿಸರವು ನಿಯತವಾಗಿರುವುದರಿಂದ ಹೊರಗಿನ ಕಟ್ಟಿನಿಂದ ಬಿಡುಗಡೆಹೊಂದಿದುದು ಮೂರನೆಯದು. ಒಳಗಿನ ನಿಯತಿಯೇ ಹೊರಗಿನ ಸ್ವಾತಂತ್ರ್ಯಕ್ಕೆ ಆಧಾರವೆಂಬ ಈ ದರ್ಶನದಿಂದ ಲಾವೋಸಿಯೇಯ ನಿಯಾಮಕಗಳಿಗೆ ಉದ್ದೇಶವು ದೊರಕಿತು.

೬

ಬಳಿಕ ಬಂದ ಪ್ರಯೋಗಗಳು ಈ ತತ್ತ್ವವನ್ನು ತುಂಬಿಕೊಟ್ಟುವು. ಲಂಡನ್ನಿನ ಸಿಡ್ನಿ ರಿಂಗರನು ಕಪ್ಪೆಯ ಹೃದಯವನ್ನು ಉಪ್ಪುನೀರಿನಲ್ಲಿ ಮಿಡಿಯಿಸುತ್ತಿದ್ದನು. ಆ ದ್ರವವನ್ನು ಬಟ್ಟಿಯಿಳಿಸಿದ ನೀರಿನಿಂದಲ್ಲದೆ ನಲ್ಲಿಯ ನೀರಿನಿಂದ ಮಾಡಲಾಗಿತ್ತೆಂಬುದು ತರುವಾಯ ಬೆಳಕಿಗೆ ಬಂದಿತು. ಶುದ್ಧವಾದ ನೀರನ್ನು ಬಳಸಿದಾಗ ಹೃದಯವು ಬೇಗನೆ ಸೋತಿತು. ನಲ್ಲಿಯ ನೀರಿನಲ್ಲಿದ್ದ ಅಲ್ಪವಾದ ಸುಣ್ಣದ ಅಂಶವೇ ಹೃದಯವನ್ನು ನಡೆಸುತ್ತಿತ್ತೆಂದು ೧೮೮೩ರಲ್ಲಿ ಅವನು ತಿಳಿಸಿದನು. ೧೯೦೫ರಲ್ಲಿ ಹಾಲ್ಡೇನ್ ಮತ್ತು ಪ್ರೀಸ್ಟ್ಲಿ ಎಂಬವರು, ಸಾಧಾರಣವಾಗಿ ಉಸಿರಾಟದ ವೇಗವನ್ನು ನಿಯಮಿಸುವುದು ಆಮ್ಲಜನಕದ ಕೊರತೆಯಲ್ಲ, ಇಂಗಾಲಾಮ್ಲವಾಯುವಿನ ಏರಿಕೆಯೆಂದು ತೋರಿಸಿದರು.

ಹಾರ್ವರ್ಡ್ ವಿದ್ಯಾಪೀಠದ ವಾಲ್ಟರ್ ಕ್ಯಾನನ್ನನು ೧೯೨೬ರಲ್ಲಿ ಈ ವ್ಯವಸ್ಥೆಗೆ ‘ಹೋಮಿಯೊಸ್ಟಾಸಿಸ್’ ಎಂದು ಹೆಸರಿಟ್ಟನು. ೧೯೩೨ರಲ್ಲಿ ದೇಹದ ವಿವೇಕವನ್ನು ಕುರಿತ ತನ್ನ ಗ್ರಂಥದಲ್ಲಿ ಅದನ್ನು ವಿಸ್ತರಿಸಿದನು. ಶಬ್ದದ ಆಯ್ಕೆಯು ವಿಚಾರಣೀಯವಾದುದು. ಗ್ರೀಕ್ ಭಾಷೆಯಲ್ಲಿ ‘ಹೋಮೊಸ್’ ಎಂದರೆ ಅದೇ. ‘ಹೋಮೊಯೊಸ್’ ಎಂದರೆ ಅದರಂತಹುದು. ಕ್ಯಾನನ್ನನು ಎರಡನೆಯದನ್ನೇ ಬೇಕೆಂದು ಆರಿಸಿದನು. ದೇಹದ ಸ್ಥಿತಿಯು ಕಲ್ಲಿನ ಸ್ಥಿತಿಯಂತೆ ಅಚಲವಲ್ಲ. ಎಲ್ಲೆಯೊಳಗೆ ತೂಗಾಡುವುದು, ಎಲ್ಲೆಯನ್ನು ಮೀರಿದೊಡನೆ ಹಿಂದಕ್ಕೆ ಸೆಳೆಯಲ್ಪಡುವುದು. ಇದನ್ನು ‘ಸಮಸ್ಥಿತಿ’ ಎಂದು ಕನ್ನಡಿಸಬಹುದಾದರೂ, ಅಲ್ಲಿಯ ‘ಸಮ’ಕ್ಕೆ ಸಮಾನವೆಂಬುದಕ್ಕಿಂತ ಸದೃಶವೆಂಬ ಅರ್ಥವನ್ನು ಇಟ್ಟುಕೊಳ್ಳುವುದು ಯುಕ್ತ.

೭

ಲಾಟಾನ ಚಿಕಿತ್ಸೆಗೆ ಪೂರ್ಣವಾದ ಆಧಾರವು ಒದಗಿದುದು ಕಾಲರಾದ ತವರಿನಲ್ಲಿಯೇ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಕಲ್ಕತ್ತೆಯ ಲೆನರ್ಡ್ ರಾಜರ್ಸನು ರಕ್ತನಾಳಕ್ಕೆ ಉಪ್ಪುನೀರನ್ನು ಕೊಡುವ ಕ್ರಮವನ್ನು ಮತ್ತೆ ಎತ್ತಿಹಿಡಿದು ಮರಣಗಳನ್ನು ತಗ್ಗಿಸಿದನು. ೧೯೫೯ರಲ್ಲಿ ಅದೇ ನಗರದ ಶಂಭುನಾಥ ಡೇ ಅವರು ಕಾಲರಾ ಕ್ರಿಮಿಗಳನ್ನು ಸೋಸಿ ತೆಗೆದ ದ್ರವವೂ ಕರುಳಿನೊಳಕ್ಕೆ ನೀರನ್ನು ಸುರಿಸುವುದೆಂದು ಸಾಧಿಸಿದರು. ಕೊಲ್ಲುವುದು ಕ್ರಿಮಿಯು ಬಿಡುವ ವಿಷದಿಂದ ಉಂಟಾದ ಅಪಾರ ಜಲನಷ್ಟವೆಂಬುದು ಇದರಿಂದ ನಿಶ್ಚಿತವಾಯಿತು. ೧೯೬೦ರಲ್ಲಿ ರಾಬರ್ಟ್ ಕ್ರೇನನು ಕರುಳಿನ ಗೋಡೆಯಲ್ಲಿ ಸಕ್ಕರೆಯೂ ಸೋಡಿಯಮ್ಮೂ ಜೊತೆಯಾಗಿ ಒಳಸೇರುತ್ತವೆಂಬ ತತ್ತ್ವವನ್ನು ಮುಂದಿಟ್ಟನು. ಹಾಗಿದ್ದರೆ ಉಪ್ಪುನೀರಿಗೆ ಸಕ್ಕರೆಯನ್ನು ಸೇರಿಸಿ ಬಾಯಿಂದಲೇ ಕೊಡಬಹುದು. ಸೂಜಿಯೂ ಆಸ್ಪತ್ರೆಯೂ ಅನಿವಾರ್ಯವಲ್ಲ. ೧೯೬೮ರಲ್ಲಿ ಢಾಕಾದ ವೈದ್ಯರು ಇದನ್ನು ರೋಗಿಗಳಲ್ಲಿ ಪರೀಕ್ಷಿಸಿ ಸಫಲವಾದುದನ್ನು ಪ್ರಕಟಿಸಿದರು.

೧೯೭೧ರ ಯುದ್ಧಕಾಲದಲ್ಲಿ ಗಡಿಯನ್ನು ದಾಟಿ ಬಂದ ನಿರಾಶ್ರಿತರ ನಡುವೆ, ಪಶ್ಚಿಮ ಬಂಗಾಳದ ಬನಗಾಂವಿನಲ್ಲಿ ಕಾಲರಾ ಹರಡಿತು. ರಕ್ತನಾಳಕ್ಕೆ ಕೊಡುವ ದ್ರವವು ಮುಗಿಯುತ್ತ ಬಂದಿತು. ಆಗ ದಿಲೀಪ್ ಮಹಾಲನಬಿಸ್ ಅವರು ಲೀಟರು ನೀರಿಗೆ ೨೨ ಗ್ರಾಂ ಗ್ಲೂಕೋಸ್, ೩.೫ ಗ್ರಾಂ ಉಪ್ಪು, ೨.೫ ಗ್ರಾಂ ಅಡುಗೆಸೋಡದಂತೆ ಪೊಟ್ಟಣಗಳನ್ನು ಕಟ್ಟಿಸಿ ತರಿಸಿ, ಪೀಪಾಯಿಗಳಲ್ಲಿ ಕದಡಿಸಿ, ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿದರು. ನೂರಕ್ಕೆ ಸುಮಾರು ೩೦ರಷ್ಟಿದ್ದ ಮರಣವು ೩.೬ಕ್ಕೆ ಇಳಿಯಿತು.

ಆ ಪೊಟ್ಟಣದಲ್ಲಿದ್ದ ಮೂರು ಪದಾರ್ಥಗಳಲ್ಲಿ ಉಪ್ಪು, ಸೋಡಗಳೆರಡೂ ಲಾಟಾನ ಪಾತ್ರೆಯಲ್ಲಿ ೧೩೯ ವರ್ಷಗಳ ಹಿಂದೆಯೇ ಇದ್ದುವು. ಹೊಸದಾಗಿ ಕೂಡಿದುದು ಗ್ಲೂಕೋಸ್. ಅದರೊಡನೆ, ಒಳಗಿನ ಪರಿಸರವು ಎಡೆಬಿಡದೆ ಕಾಯಲ್ಪಡಬೇಕಾದುದೆಂಬ ತಿಳಿವಳಿಕೆ. ಲೀತಿನ ಮುದುಕಿಯ ಹಾಸಿಗೆಯ ಬಳಿಯಲ್ಲಿ ಇಲ್ಲದಿದ್ದ ಕೈಯು ಬನಗಾಂವಿನಲ್ಲಿ ಪ್ರತಿಯೊಬ್ಬ ರೋಗಿಯ ಬಳಿಯಲ್ಲಿಯೂ ಲೋಟವನ್ನು ಹಿಡಿದು ಕುಳಿತಿತ್ತು.