ಕಾಲಿಂಚಿನ ಟೇಪಿನಲ್ಲಿ ಇಡೀ ಹಾರ್ಡ್ ಡಿಸ್ಕ್

1990ರ ದಶಕದ ಆರಂಭದಲ್ಲಿ ಬೆಂಗಳೂರಿನ ಜಯನಗರ, ಬನಶಂಕರಿಯ ಮನೆಯಲ್ಲೋ ಡಿಟಿಪಿ ಅಂಗಡಿಯಲ್ಲೋ ಇದ್ದ ಪಿಸಿಗೆ 40 ಎಂಬಿ ಹಾರ್ಡ್ ಡಿಸ್ಕ್ ಸಾಕಷ್ಟು ದೊಡ್ಡದು. ಅದು ತುಂಬಿದ್ದರೆ ಬ್ಯಾಕಪ್‌ಗೆ 1.44 ಎಂಬಿಯ 28 ಫ್ಲಾಪಿ ಬೇಕು. ಇಪ್ಪತ್ತೇಳನೆಯದರ ಹೊತ್ತಿಗೆ ಕರೆಂಟು ಹೋಯಿತೋ, ಮತ್ತೆ ಮೊದಲಿನಿಂದ!

ಕ್ಯೂಐಸಿ-80 ಮಾದರಿಯ ಟೇಪ್ ಡ್ರೈವ್ ಆ ಪಾಡು ತಪ್ಪಿಸಿತು. ಫ್ಲಾಪಿ ಕಂಟ್ರೋಲರಿಗೇ ಜೋಡಿಸಬಹುದಾದ್ದರಿಂದ ಬೇರೆ ಕಾರ್ಡ್ ಕೊಳ್ಳಬೇಕಿರಲಿಲ್ಲ. ವೇಗ ಮಾತ್ರ ಫ್ಲಾಪಿಯದೇ. ಹಾಡಿನ ಕ್ಯಾಸೆಟ್ಟಿನದಕ್ಕಿಂತ ಅಗಲವಾದ ಕಾಲಿಂಚಿನ ಟೇಪಿನಲ್ಲಿ ಉದ್ದಕ್ಕೂ 28 ಸಾಲು. ಟೇಪು ತುದಿ ಮುಟ್ಟಿದೊಡನೆ ಹೆಡ್ ಪಕ್ಕದ ಸಾಲಿಗೆ ಸರಿಯುತ್ತದೆ, ಟೇಪು ಹಿಮ್ಮುಖವಾಗಿ ಓಡುತ್ತದೆ: ಗದ್ದೆಯಂಚಿನಲ್ಲಿ ನೇಗಿಲು ತಿರುಗಿಸಿದ ಹಾಗೆ. 205 ಅಡಿ ಟೇಪಿನಲ್ಲಿ 80 ಎಂಬಿ ಹಿಡಿಸುತ್ತಿತ್ತು.

ಈಗ ಈ ಟೇಪುಗಳನ್ನು ಓದಿಸುವುದು ತಾಳ್ಮೆಯ ಕೆಲಸ. ಡ್ರೈವಿನ ರಬ್ಬರ್ ರೋಲರ್ ಕರಗಿದ ಬೆಲ್ಲದಂತೆ ಅಂಟಾಗಿರುತ್ತದೆ. ಟೇಪಿರುವ ಕಾರ್ಟ್ರಿಜ್‌ನೊಳಗಿನ ಬೆಲ್ಟ್ ಸಡಿಲಾಗಿರುತ್ತದೆ. ಇವೆರಡನ್ನೂ ಬದಲಿಸಿ ಕಡತ ಹೊರತೆಗೆದರೂ ಕನ್ನಡ ಕಾಣಿಸದಿರಬಹುದು. ಯೂನಿಕೋಡ್ ಬಳಕೆಗೆ ಬರುವ ಮುನ್ನ ಒಂದೊಂದು ತಂತ್ರಾಂಶಕ್ಕೆ ಒಂದೊಂದು ಸಂಕೇತ. ಆ ಫಾಂಟ್ ಇಲ್ಲದಿದ್ದರೆ ಮದುವೆ ಕರೆಯೋಲೆಯೂ ಬರೀ ಗೀಚು.