ಹೊಳೆಯ ಲೆಕ್ಕ

“ಅಜ್ಜಾ, ನೀರೆಲ್ಲಿ?”

ಮೊಮ್ಮಗ ಕೇಳಿದ ಈ ಪ್ರಶ್ನೆಗೆ ನನ್ನಲ್ಲಿ ಒಮ್ಮೆಲೇ ಉತ್ತರವಿರಲಿಲ್ಲ. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ಹುಡುಗ, ಬೇಸಿಗೆ ರಜೆಗೆಂದು ಗೋಕಾವಿಗೆ ಬಂದಿದ್ದ. ಗೋಕಾಕ ಫಾಲ್ಸ್ ಎಂದರೆ ಅವನ ಕಣ್ಣೆದುರು ಕ್ಯಾಲೆಂಡರಿನ ಚಿತ್ರವಿತ್ತು: ಕೆಂಪು ನೀರು, ಅದರಿಂದೇಳುವ ಹೊಗೆ, ಮೇಲೆ ತೂಗುಸೇತುವೆ. ನಾವು ಹೋದದ್ದು ಮೇ ತಿಂಗಳ ನಡುಮಧ್ಯಾಹ್ನ. ಮಹಾಲಿಂಗೇಶ್ವರ ಗುಡಿಯ ನೆರಳಿನಲ್ಲಿ ನಿಂತು ನೋಡಿದರೆ ಕುದುರೆಲಾಳದಂತೆ ಬಾಗಿದ ಬರಿಯ ಬಂಡೆ. ಅದರ ಒಂದು ಸಂದಿನಲ್ಲಿ ನೂಲಿನಂಥ ಒಂದೆಳೆ ನೀರು. ಅಷ್ಟೇ.

“ಮಳಿಗಾಲದಾಗ ಬರಬೇಕಪಾ” ಎಂದೆ. ಬಂದವರಿಗೆಲ್ಲ ನಾವು ಊರವರು ಹೇಳುವ ಮಾತು ಅದು. ಸುಳ್ಳೇನಲ್ಲ. ಜುಲೈ ದಾಟಿದ ಮೇಲೆ ಘಟಪ್ರಭೆ ಇಲ್ಲಿ 52 ಮೀಟರು ಕೆಳಕ್ಕೆ ಧುಮುಕುವಾಗ ಪಕ್ಕದಲ್ಲಿ ನಿಂತವನ ಮಾತು ಕೇಳಿಸುವುದಿಲ್ಲ. ಆದರೆ ಹುಡುಗ ಬಿಡಲಿಲ್ಲ. “ಈಗ ಎಲ್ಲಿಗೆ ಹೋಗಿದೆ ಹೇಳು” ಎಂದ. ಪ್ರಶ್ನೆ ಸರಿಯಾಗಿಯೇ ಇತ್ತು. ಬೇಸಿಗೆಯಲ್ಲಿ ಹೊಳೆ ಸೊರಗುವುದು ಸಹಜ. ಆದರೆ ಇಷ್ಟು ಸೊರಗಲು ಬಿಸಿಲೊಂದೇ ಕಾರಣವಲ್ಲ. ಇದಕ್ಕೆ ಉತ್ತರ ಬಾಯಿಮಾತಿನಿಂದ ಆಗದು ಎನಿಸಿ, ಎರಡು ದಿನ ಅವನನ್ನು ಹೊಳೆಯ ಗುಂಟ ಕರೆದುಕೊಂಡು ಅಡ್ಡಾಡಿದೆ. ಅವನಿಗಿಂತ ಹೆಚ್ಚು ನಾನೇ ಕಲಿತೆನೆಂದು ಕಾಣುತ್ತದೆ.

ಮೊದಲು ಆ ಬಂಡೆಯ ಸಂಗತಿ. ಇದು ಕಲಾದಗಿ ಶಿಲಾಸ್ತೋಮಕ್ಕೆ ಸೇರಿದ ಮರಳುಗಲ್ಲು. ವಯಸ್ಸು ನೂರು ಕೋಟಿ ವರ್ಷಕ್ಕೂ ಮಿಗಿಲು. ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ಹತ್ತೊಂಬತ್ತನೆಯ ಶತಮಾನದಲ್ಲಿ ಈ ಸೀಮೆಯ ಕಲ್ಲುಮಣ್ಣುಗಳನ್ನೆಲ್ಲ ಕಾಲುನಡಿಗೆಯಲ್ಲಿ ನೋಡಿ ಬರೆದಿಟ್ಟ. ಗೋಕಾಕದ ಸಮೀಪ ಹಳೆಯ ಮೆಕ್ಕಲು ಮಣ್ಣಿನಲ್ಲಿ ಅವನಿಗೆ ಘೇಂಡಾಮೃಗದ ಎಲುಬುಗಳು ಸಿಕ್ಕವು. ಅದರ ವಿವರವನ್ನು 1874ರಲ್ಲಿ ಪ್ರಕಟಿಸಿದ. ಇದನ್ನು ಕೇಳಿ ಮೊಮ್ಮಗನ ಕಣ್ಣು ಅಗಲವಾದವು. “ಇಲ್ಲಿ ಘೇಂಡಾಮೃಗ ಇತ್ತಾ?” ಇತ್ತು. ಎಂದರೆ ಅದು ಮೇಯುವಷ್ಟು ಹುಲ್ಲೂ, ಹೊರಳುವಷ್ಟು ಕೆಸರೂ ಇದ್ದವು. ಹೊಳೆ ಒಂದೇ ಬಗೆಯಾಗಿ ಎಂದೂ ಇದ್ದದ್ದಿಲ್ಲ. ಆದರೆ ಹಿಂದಿನ ಬದಲಾವಣೆಗಳಿಗೆ ಸಾವಿರಾರು ವರ್ಷ ಹಿಡಿದವು. ನಾನು ಹೇಳಹೊರಟದ್ದು ಕಳೆದ ನೂರಾಮೂವತ್ತು ನಲವತ್ತು ವರ್ಷಗಳ ಮಾತು.

ಈ ಧುಮುಕುವ ನೀರು ಬರಿದೆ ಹೋಗುತ್ತಿದೆಯಲ್ಲ ಎಂದು ಮೊದಲು ಲೆಕ್ಕ ಹಾಕಿದವರು ಮುಂಬಯಿಯ ವ್ಯಾಪಾರಿಗಳು. ಫೋರ್ಬ್ಸ್ ಸಂಸ್ಥೆಯವರು ದಂಡೆಯ ಮೇಲೆ ನೂಲಿನ ಗಿರಣಿ ಎಬ್ಬಿಸಿದರು. ಕಮರಿಯ ತಳದಲ್ಲಿ ಯಂತ್ರದ ಮನೆ ಕಟ್ಟಿ ನೀರನ್ನು ಕೊಳವೆಗಳಲ್ಲಿ ಇಳಿಸಿದರು. 1887ರಲ್ಲಿಯೇ ಇಲ್ಲಿ ನೀರಿನಿಂದ ವಿದ್ಯುತ್ತು ಹುಟ್ಟಿತೆಂದು ನಮ್ಮ ಊರು ಹೆಮ್ಮೆಪಡುತ್ತದೆ. ಡಾರ್ಜಿಲಿಂಗಿನವರು, 1897ರ ಸಿದ್ರಾಪೋಂಗ್ ಕೇಂದ್ರ ನಮ್ಮದು, ದೇಶದಲ್ಲಿ ನಾವೇ ಮೊದಲು ಎನ್ನುತ್ತಾರೆ. ಶಿವನಸಮುದ್ರದ ಬೆಳಕು ಬಂದದ್ದು 1902ರಲ್ಲಿ. ಮೊದಲು ಯಾರೆಂಬ ಜಗಳವನ್ನು ಬಲ್ಲವರು ಮುಗಿಸಲಿ. ಹೊಳೆಯ ಬಲ ಗಿರಣಿಯ ತಿರುಗಣಿಗೆ ಹೋಯಿತು, ಹಳ್ಳಿಯ ಒಕ್ಕಲುಮಕ್ಕಳು ಗಿರಣಿಗೆ ಹೋದರು ಎಂಬುದು ಮಾತ್ರ ನಿಜ. ನನ್ನ ಬಾಲ್ಯದಲ್ಲಿ ಫಾಲ್ಸಿನವರ ಮನೆಗಳಲ್ಲಿ ಗಡಿಯಾರದ ಅವಶ್ಯಕತೆ ಇರಲಿಲ್ಲ. ಗಿರಣಿಯ ಭೋಂಗಾ ಕೂಗಿದರೆ ರೊಟ್ಟಿ ಕಟ್ಟುವ ಹೊತ್ತು.

ಗಿರಣಿ ನೀರಿನ ಬಲವನ್ನಷ್ಟೇ ಇಸಿದುಕೊಂಡು ನೀರನ್ನು ಹೊಳೆಗೇ ಮರಳಿ ಕೊಟ್ಟಿತು. ನೀರೇ ಬೇರೆ ದಾರಿ ಹಿಡಿದದ್ದು ಧೂಪದಾಳದಲ್ಲಿ. ಮರುದಿನ ಬೆಳಿಗ್ಗೆ ಫಾಲ್ಸಿನ ಮೇಲುಭಾಗದಲ್ಲಿರುವ ಆ ಊರಿಗೆ ಹೋದೆವು. ಹೊಳೆಗೆ ಅಡ್ಡಲಾಗಿ ಕಟ್ಟಿದ ಕಲ್ಲಿನ ಒಡ್ಡು, ಅದರ ಎಡಮಗ್ಗುಲಿಗೆ ಕಾಲುವೆಯ ಬಾಯಿ. 1897ರಲ್ಲಿ ಮುಗಿದ ಕೆಲಸ. ಹತ್ತೊಂಬತ್ತನೆಯ ಶತಮಾನದ ಬರಗಾಲಗಳನ್ನು, ಅದರಲ್ಲೂ 1876ರಿಂದ 78ರವರೆಗಿನ ಘೋರ ಬರವನ್ನು ಕಂಡ ಈ ನಾಡಿನಲ್ಲಿ, ಫಾಲ್ಸಿನ ಚೆಲುವು ಹೋಗುತ್ತದೆಂದು ಯಾರೂ ಅತ್ತಿರಲಾರರು. ಹಸಿದವನಿಗೆ ಜಲಪಾತಕ್ಕಿಂತ ಜೋಳ ದೊಡ್ಡದು.

ಒಡ್ಡಿನ ಹಿಂದೆ ನಿಂತ ನೀರಿಗೆ ಇನ್ನೊಂದು ಫಲವೂ ಬಂತು. ಹಕ್ಕಿಗಳು ಬಂದವು. ಚಳಿಗಾಲದಲ್ಲಿ ಮಧ್ಯ ಏಷ್ಯಾದ ಕಡೆಯಿಂದ ಬೂದುಬಣ್ಣದ ಕ್ರೌಂಚಗಳು ಹಾರಿ ಬರುತ್ತವೆ. 1974ರಲ್ಲಿ ಇದು ಘಟಪ್ರಭಾ ಪಕ್ಷಿಧಾಮವಾಯಿತು. ಇಂಜಿನಿಯರರು ಕಟ್ಟಿದ್ದು ಕಬ್ಬು ಜೋಳಕ್ಕಾಗಿ. ಹಕ್ಕಿಗಳು ಕೇಳದೆಯೇ ಪಾಲು ತೆಗೆದುಕೊಂಡವು. ಮೇ ತಿಂಗಳಾದ್ದರಿಂದ ಅವು ನಮಗೆ ಕಾಣಲಿಲ್ಲ. ನಿಂತ ನೀರಿನಲ್ಲಿ ನಾಲ್ಕಾರು ಬೆಳ್ಳಕ್ಕಿಗಳಿದ್ದವು.

ಅಲ್ಲಿಂದ ಹುಕ್ಕೇರಿಗೆ ಹೋಗಿ ಆದಿಲಶಾಹಿ ಕಾಲದ ಗುಮ್ಮಟಗಳನ್ನು ಹುಡುಗನಿಗೆ ತೋರಿಸಿದೆ. ಅವನಿಗೆ ಅದಕ್ಕಿಂತ ಬೀದಿಯ ಬೋರ್ಡೊಂದು ಕುತೂಹಲ ಹುಟ್ಟಿಸಿತು. ವಿದ್ಯುತ್ ಸಹಕಾರ ಸಂಘ ಎಂದರೇನೆಂದು ಕೇಳಿದ. ಹಳ್ಳಿಗಳಿಗೆ ಕರೆಂಟು ಹಂಚಲು ಈ ತಾಲೂಕಿನವರು 1969ರಲ್ಲಿ ತಾವೇ ಶೇರು ಹಾಕಿ ಸಂಘ ಕಟ್ಟಿಕೊಂಡದ್ದನ್ನು ಹೇಳಿದೆ. ಕರ್ನಾಟಕದಲ್ಲಿ ಇಂಥ ಸಂಘ ಇದೊಂದೇ. ಗಿರಣಿಗೆ ನೀರಿನ ಬಲ ಒದಗಿ ಎಂಬತ್ತು ವರ್ಷಗಳಾದ ಮೇಲೆ ಪಕ್ಕದ ತಾಲೂಕಿನ ರೈತರು ತಮ್ಮ ಬೆಳಕಿಗೆ ತಾವೇ ವಂತಿಗೆ ಎತ್ತಬೇಕಾಯಿತು. ಇದನ್ನೂ ಇತಿಹಾಸವೆಂದೇ ಬರೆದಿಟ್ಟುಕೊಳ್ಳಬೇಕು.

ಹಿಡಕಲ್ಲಿಗೆ ಹೋಗುವಾಗ ನಾನು ಸುಮ್ಮನಾದೆ. ಅಲ್ಲಿಯ ಆಣೆಕಟ್ಟು ಮುಗಿದದ್ದು 1977ರಲ್ಲಿ. ಐವತ್ತೊಂದು ಟಿಎಂಸಿ ನೀರು ಹಿಡಿಯುವ ಜಲಾಶಯ. ಅದರ ತಳದಲ್ಲಿ ನಮ್ಮವ್ವನ ತವರೂರು ಇದೆ.

ಹುನ್ನೂರಿನ ಆಚೆಗಿನ ಸಣ್ಣ ಊರು ಅದು. ಊರು ಬಿಡುವಾಗ ನಾನು ಹುಡುಗ. ಸೋದರಮಾವ ಮನೆಯ ತೊಲೆ, ಬಾಗಿಲು, ಕಡೆಗೆ ಹೊಸ್ತಿಲನ್ನೂ ಕಿತ್ತು ಚಕ್ಕಡಿಗೆ ಹೇರಿದ್ದು ಕಣ್ಣಿಗೆ ಕಟ್ಟಿದಂತಿದೆ. ಪರಿಹಾರದ ರೊಕ್ಕ ಬಂತು, ಸಾಕಾಗಲಿಲ್ಲ, ಎಲ್ಲರ ಮನೆಯಲ್ಲಿ ಕೇಳುವ ಕತೆ. ಅವ್ವ ಮಾತ್ರ ಡ್ಯಾಮು ಎಂಬ ಮಾತನ್ನು ಎಂದೂ ಆಡಲಿಲ್ಲ. “ನಮ್ಮೂರ ಮ್ಯಾಲಿನ ನೀರು” ಎನ್ನುತ್ತಿದ್ದಳು. ಪಂಚಮಿಗೆ ಹೋಗಲು ತವರಿಲ್ಲದ ಹೆಣ್ಣುಮಗಳ ಮಾತು ಅದು.

ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಹುನ್ನೂರಿನ ವಿಠ್ಠಲ ದೇವರ ಗುಡಿ ಹೊರಗೆ ಬರುತ್ತದೆ. ವರ್ಷದ ಬಹುಭಾಗ ನೀರಿನೊಳಗೆ ನಿಂತ ಕಲ್ಲಿನ ಗುಡಿ. ಬಿರುಕುಬಿಟ್ಟ ಕೆಸರಿನ ಮೇಲೆ ನಡೆಯುತ್ತ ಅಲ್ಲಿಯವರೆಗೆ ಹೋದೆವು. ಯಾರೋ ಹೂ ಏರಿಸಿ ಹೋಗಿದ್ದರು. ಫಾಲ್ಸಿಗೆ ನೀರಿದ್ದಾಗ ಈ ಗುಡಿ ಕಾಣದು. ಗುಡಿ ಕಂಡಾಗ ಫಾಲ್ಸಿನಲ್ಲಿ ನೀರಿರದು. ಪ್ರವಾಸಕ್ಕೆ ಬಂದವರು ಮಳೆಗಾಲದ ಒಂದನ್ನು ಮಾತ್ರ ನೋಡಿ ಹೋಗುತ್ತಾರೆ. ನಾವು ಊರವರು ಎರಡನ್ನೂ ನೋಡಬೇಕಾಗುತ್ತದೆ. “ನಿನ್ನ ಮುತ್ತಜ್ಜಿಯ ಊರು ಅಲ್ಲಿ” ಎಂದು ದೂರದ ನೀರಿನ ಕಡೆಗೆ ಕೈ ಮಾಡಿದೆ. ಹುಡುಗ ಬಹಳ ಹೊತ್ತು ಅತ್ತಲೇ ನೋಡಿದ.

ಸಂಜೆಗೆ ಮೂಡಲಗಿ ಮುಟ್ಟಿದೆವು. ಹಿಂದೆ ಗೋಕಾಕ ತಾಲೂಕಿನೊಳಗೇ ಇದ್ದ ಊರು. ಈಗ ತಾನೇ ಒಂದು ತಾಲೂಕು. ಎಡದಂಡೆ ಕಾಲುವೆಯ ನೀರು ಹರಿದ ಈ ಕಡೆಯ ಹೊಲಗಳಲ್ಲಿ ಕಬ್ಬು, ಗೋವಿನಜೋಳ, ಅರಿಷಿಣ. ಊರು ಬಿಟ್ಟ ಮಾವ ರೊಕ್ಕ ಹಿಡಿದುಕೊಂಡು ಬಂದು ಇಲ್ಲಿಯೇ ನಾಲ್ಕೆಕರೆ ಕೊಂಡಿದ್ದ. ತನ್ನ ಮನೆಯನ್ನು ಮುಳುಗಿಸಿದ ನೀರಿನಿಂದಲೇ ಅವನ ಮಕ್ಕಳು ಉಂಡರು, ಓದಿದರು. “ಬೈಲಿಕ್ಕೂ ಬಾಯಿ ಬರೂದಿಲ್ಲ, ಹಾಡಿ ಹೊಗಳಲಿಕ್ಕೂ ಬರೂದಿಲ್ಲ, ಹಂಗ ಮಾಡೇತಿ ಈ ಹೊಳಿ” ಎನ್ನುತ್ತಿದ್ದ ಮಾವ. ಹಿಡಕಲ್ಲಿನ ವಿಷಯದಲ್ಲಿ ಇದಕ್ಕಿಂತ ನ್ಯಾಯವಾದ ಮಾತನ್ನು ನಾನು ಯಾವ ವರದಿಯಲ್ಲಿಯೂ ಓದಿಲ್ಲ.

ಹೊಳೆಯನ್ನು ಪಳಗಿಸಿದೆವೆಂದು ನಾವು ನಂಬಿದ್ದೆವು. 2019ರ ಆಗಸ್ಟಿನಲ್ಲಿ ಆ ನಂಬಿಕೆ ಹೋಯಿತು. ಘಟ್ಟದಲ್ಲಿ ಸುರಿದ ಮಳೆಗೆ ಜಲಾಶಯ ತುಂಬಿ ನೀರು ಬಿಟ್ಟರು. ಇತ್ತ ಮಾರ್ಕಂಡೇಯವೂ ಗೊಡಚಿನಮಲ್ಕಿಯ ಎರಡು ಮೆಟ್ಟಿಲಿಳಿದು ಉಕ್ಕಿ ಬಂತು. ಲೋಳಸೂರ ಸೇತುವೆ ಮುಳುಗಿತು. ಗೋಕಾಕದ ಓಣಿಗಳಲ್ಲಿ ಹೊಳೆ ಹರಿಯಿತು. 2021ರಲ್ಲಿ ಮತ್ತೆ ಬಂತು. ಬಂಡೆ, ದಂಡೆ, ತಗ್ಗು ಎಂದು ನಾವು ಮನೆ ಕಟ್ಟಿದ ಜಾಗವನ್ನೆಲ್ಲ ಹೊಳೆ ತನ್ನದೆಂದು ಗುರುತು ಹಿಡಿಯಿತು. 2019ರಲ್ಲಿ ಅವ್ವನನ್ನು ಎತ್ತಿಕೊಂಡು ಹೋಗಿ ಶಾಲೆಯೊಂದರ ಮಹಡಿಯ ಮೇಲೆ ಕೂರಿಸಿದ್ದೆ. ಎಂಬತ್ತು ದಾಟಿದ ಮುದುಕಿ. ಕಿಟಕಿಯಿಂದ ನೀರು ನೋಡುತ್ತ, “ತವರಿನ ನೀರು ಹುಡುಕಿಕೊಂಡು ಬಂದೇತಿ ನೋಡು” ಎಂದಳು. ನಕ್ಕಳೋ ಅತ್ತಳೋ ತಿಳಿಯಲಿಲ್ಲ. ಮರುವರ್ಷ ತೀರಿಕೊಂಡಳು.

ಫಾಲ್ಸು ನೋಡಬೇಡಿರೆಂದು ನಾನು ಯಾರಿಗೂ ಹೇಳುವುದಿಲ್ಲ. ಬನ್ನಿ, ಆಗಸ್ಟಿನಲ್ಲಿ ಬನ್ನಿ, ಕರದಂಟು ಕಟ್ಟಿಸಿಕೊಂಡು ಹೋಗಿ. ಆದರೆ ಆಗುವುದಾದರೆ ಒಮ್ಮೆ ಮೇ ತಿಂಗಳಿನಲ್ಲಿಯೂ ಬನ್ನಿ. ಬರಿಯ ಬಂಡೆಯನ್ನು ನೋಡಿ ಈ ಹುಡುಗನಂತೆ ಕೇಳಿ. ಕೇಳಿಕೊಂಡು ಹೊರಟರೆ ಮೂರು ತಾಲೂಕಿನ ಕೊಟ್ಟದ್ದು ಕೊಂಡದ್ದರ ಲೆಕ್ಕ ಒಂದೊಂದಾಗಿ ತೆರೆಯುತ್ತದೆ.

ಮಾವನ ಮನೆಯ ಹಿಂದೆಯೇ ಕಾಲುವೆ. ಕುಡಿಯುವ ನೀರಿಗೆಂದು ಆ ವಾರ ಬಿಟ್ಟಿದ್ದರು. ಮೊಮ್ಮಗ ಚಪ್ಪಲಿ ಕಳಚಿ ನೀರಿಗಿಳಿದ. ಹೊತ್ತು ಮುಳುಗುವವರೆಗೂ ಮೇಲೆ ಬರಲಿಲ್ಲ. ಆಮೇಲೆ ಒದ್ದೆಗಾಲಿನಲ್ಲಿಯೇ ಬಂದು ಹೊಸ್ತಿಲ ಮೇಲೆ ಕುಳಿತ. ಚಕ್ಕಡಿಯಲ್ಲಿ ಬಂದ ಅದೇ ಹೊಸ್ತಿಲು.

“ಸಿಕ್ತು ಅಜ್ಜಾ, ನೀರು” ಎಂದ.